ರಂಗಭಾವನ ಬೆಟ್ಟ, ಹುಲಿಯ ಕಾಡು

ನಮ್ಮ ಕಾಸರಗೋಡಿನ ಕಡೆಯಿಂದ ಮೈಸೂರಿಗೆ ಹೋಗಿ ಬರುವವರು ಬಹಳ ಮಂದಿ. ಮಡಿಕೇರಿಯ ಘಾಟಿ ಹತ್ತಿ ಇಳಿದು, ಅರಮನೆ ನೋಡಿ, ಚಾಮುಂಡಿ ಬೆಟ್ಟದಲ್ಲಿ ಕೈಮುಗಿದು, ಮರುದಿನದ ಬಸ್ಸಿನಲ್ಲಿ ಊರಿಗೆ ಮರಳುವುದು ವಾಡಿಕೆ. ಅಲ್ಲಿಂದ ಆಗ್ನೇಯ ದಿಕ್ಕಿಗೆ ಇನ್ನೆರಡು ಮೂರು ತಾಸು ಪ್ರಯಾಣ ಮಾಡಿದರೆ ಬಿಳಿಗಿರಿರಂಗನ ಬೆಟ್ಟ ಸಿಗುತ್ತದೆ. 2011ರ ಜನವರಿಯಲ್ಲಿ ಈ ಬೆಟ್ಟಸಾಲು ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿತವಾಯಿತು. ಅದೇ ವರ್ಷದ ಅಕ್ಟೋಬರ್ ತಿಂಗಳಲ್ಲಿ ಅಲ್ಲಿನ ಮೂಲನಿವಾಸಿಗಳಾದ ಸೋಲಿಗರಿಗೆ ಕಾಡಿನ ಮೇಲಿನ ಸಾಮೂಹಿಕ ಹಕ್ಕುಪತ್ರಗಳು ದೊರೆತವು. ಹುಲಿಗೆಂದು ಮೀಸಲಾದ ಕಾಡಿನೊಳಗೆ ಜನರಿಗೆ ಇಂಥ ಹಕ್ಕು ಸಿಕ್ಕಿದ್ದು ನಮ್ಮ ದೇಶದಲ್ಲಿ ಅದೇ ಮೊದಲು ಎನ್ನುತ್ತಾರೆ.

ಶಾಲೆಯಲ್ಲಿ ವನ್ಯಜೀವಿಗಳ ಪಾಠ ಬಂದಾಗಲೆಲ್ಲ ಮಕ್ಕಳು ಕೇಳುವ ಒಂದು ಪ್ರಶ್ನೆಯುಂಟು: "ಹುಲಿ ಇರುವ ಕಾಡಿನಲ್ಲಿ ಜನ ಹೇಗೆ ಇರುವುದು ಮಾಷ್ಟ್ರೇ?" ದೊಡ್ಡವರು ಕೇಳುವ ಪ್ರಶ್ನೆ ಇದರ ಮಗ್ಗುಲು ಬದಲಿಸಿದ್ದು: ಜನ ಇರುವ ಕಾಡಿನಲ್ಲಿ ಹುಲಿ ಉಳಿದೀತೇ? ಎರಡಕ್ಕೂ ಉತ್ತರ ಹುಡುಕಲು ಬಿಳಿಗಿರಿಗಿಂತ ಒಳ್ಳೆಯ ಜಾಗ ನಮಗೆ ತೋರುವುದಿಲ್ಲ. ಆದ್ದರಿಂದ ಆ ಬೆಟ್ಟ, ಆ ಕಾಡು, ಆ ಜನ ಇವರ ಪರಿಚಯವನ್ನು ಓದುಗರಿಗೆ ಮಾಡಿಕೊಡಬೇಕೆಂದು ಬಯಸಿದ್ದೇವೆ.

ಎರಡು ಘಟ್ಟಗಳ ನಡುವಿನ ಸೇತುವೆ

ಬಿಳಿಗಿರಿ ಇರುವುದು ಚಾಮರಾಜನಗರ ಜಿಲ್ಲೆಯಲ್ಲಿ. ಬಯಲುಸೀಮೆಯ ನಡುವೆ ತಟ್ಟನೆ ಎದ್ದು ನಿಂತು, ಉತ್ತರದಿಂದ ದಕ್ಷಿಣಕ್ಕೆ ಸಾಲಾಗಿ ಚಾಚಿಕೊಂಡ ಬೆಟ್ಟಗಳಿವು. ತಪ್ಪಲು ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದ್ದರೆ, ಎಲ್ಲಕ್ಕಿಂತ ಎತ್ತರದ ಕತ್ತರಿಬೆಟ್ಟ 1,800 ಮೀಟರಿನ ಆಸುಪಾಸಿಗೆ ಮುಟ್ಟುತ್ತದೆ. ರಂಗನಾಥನ ಗುಡಿ ನಿಂತಿರುವ ಕಡಿದಾದ ಬಂಡೆ ದೂರಕ್ಕೆ ಬೆಳ್ಳಗೆ ಕಾಣುವುದರಿಂದ ಬಿಳಿಗಿರಿ ಎಂಬ ಹೆಸರು ಬಂತೆನ್ನುತ್ತಾರೆ. ವರ್ಷದ ಬಹುಭಾಗ ಮುಸುಕಿರುವ ಬಿಳಿ ಮಂಜಿನಿಂದ ಬಂತೆನ್ನುವವರೂ ಇದ್ದಾರೆ. ಸಂಸ್ಕೃತದಲ್ಲಿ ಇದು ಶ್ವೇತಾದ್ರಿ. ಬೆಟ್ಟಕ್ಕೆ ಹತ್ತುವ ದಾರಿಯ ಬುಡದಲ್ಲಿರುವ ಯಳಂದೂರು ‘ಹದಿಬದೆಯ ಧರ್ಮ’ವನ್ನು ಬರೆದ ಸಂಚಿಯ ಹೊನ್ನಮ್ಮನ ಊರು ಎಂಬುದನ್ನು ಕನ್ನಡ ಓದಿದವರು ಬಲ್ಲರು.

ಭೂಗೋಳದ ದೃಷ್ಟಿಯಿಂದ ಈ ಬೆಟ್ಟಸಾಲಿಗೆ ಒಂದು ವಿಶೇಷವಿದೆ. ನಮ್ಮ ಜಿಲ್ಲೆಯ ಮೂಡುದಿಕ್ಕಿಗೆ ಗೋಡೆಯಂತೆ ನಿಂತಿರುವುದು ಪಶ್ಚಿಮಘಟ್ಟ. ಬಂಗಾಳಕೊಲ್ಲಿಯ ಕಡೆಗೆ ತುಂಡುತುಂಡಾಗಿ ಹರಡಿರುವುದು ಪೂರ್ವಘಟ್ಟ. ಇವೆರಡೂ ಕೈ ಹಿಡಿಯುವ ಎಡೆಯಲ್ಲಿ ಬಿಳಿಗಿರಿ ಇದೆ. ಅದರ ಪೂರ್ವಕ್ಕೆ ಮಲೆ ಮಹದೇಶ್ವರ ಬೆಟ್ಟದ ಕಾಡು, ದಕ್ಷಿಣಕ್ಕೆ ತಮಿಳುನಾಡಿನ ಸತ್ಯಮಂಗಲದ ಕಾಡು, ಅಲ್ಲಿಂದ ಪಶ್ಚಿಮಕ್ಕೆ ಮುದುಮಲೆ, ಬಂಡೀಪುರ, ನಮ್ಮ ರಾಜ್ಯದ ವಯನಾಡು. ಆನೆಯೊಂದು ಈ ಎಲ್ಲ ಕಾಡುಗಳನ್ನು ಸುತ್ತಿ ಬರಲು ಸಾಧ್ಯವಿರುವುದರಿಂದಲೇ ಬಿಳಿಗಿರಿಯನ್ನು ವಿಜ್ಞಾನಿಗಳು ಸೇತುವೆಯೆಂದು ಕರೆಯುವುದು.

ಮಳೆಯ ಲೆಕ್ಕ ಇನ್ನೂ ಸೋಜಿಗದ್ದು. ತಪ್ಪಲಿನಲ್ಲಿ ವರ್ಷಕ್ಕೆ 600 ಮಿಲಿಮೀಟರ್ ಮಳೆಯಾದರೆ, ಎತ್ತರದ ಕೆಲವು ಕಡೆ 3,000 ಮಿಲಿಮೀಟರ್‌ವರೆಗೂ ಸುರಿಯುತ್ತದೆ. ಹಾಗಾಗಿ ಒಂದೇ ಬೆಟ್ಟವನ್ನು ಹತ್ತುವಾಗ ನಾಲ್ಕಾರು ಬಗೆಯ ಕಾಡನ್ನು ದಾಟಬೇಕಾಗುತ್ತದೆ. ಮೊದಲು ಮುಳ್ಳುಪೊದೆಗಳ ಕುರುಚಲು. ಆಮೇಲೆ ಬೇಸಗೆಯಲ್ಲಿ ಎಲೆಯುದುರಿಸಿ ನಿಲ್ಲುವ ಮತ್ತಿ, ಹೊನ್ನೆ, ಬೀಟೆ, ದಿಂಡಿಗ, ನೆಲ್ಲಿ ಮರಗಳ ಕಾಡು. ಇನ್ನೂ ಮೇಲೆ ಹೋದಂತೆ ಸದಾ ಹಸಿರಾಗಿರುವ ದಟ್ಟ ಕಾಡು. ನೆತ್ತಿಯಲ್ಲಿ ಹುಲ್ಲುಗಾವಲು, ಅದರ ಮಡಿಲುಗಳಲ್ಲಿ ಶೋಲೆಯ ತುಣುಕುಗಳು. ಇಲ್ಲಿ ಹುಟ್ಟುವ ಹಳ್ಳಗಳಲ್ಲಿ ಹಲವು ಸುವರ್ಣಾವತಿಯನ್ನು ಕೂಡಿ ಕಾವೇರಿಗೆ ಸೇರುತ್ತವೆ. ತಪ್ಪಲಿನ ರಾಗಿ, ಜೋಳ, ಭತ್ತಕ್ಕೆಲ್ಲ ಈ ಕಾಡೇ ನೀರಿನ ತಿಜೋರಿ.

ಕಾಡಿನ ನಿವಾಸಿಗಳು

1974ರಲ್ಲಿ ಈ ಕಾಡಿನ ಒಂದು ಭಾಗವನ್ನು ಅಭಯಾರಣ್ಯವೆಂದು ಸಾರಲಾಯಿತು. 1987ರಲ್ಲಿ ಅದನ್ನು ವಿಸ್ತರಿಸಿ ಸುಮಾರು 540 ಚದರ ಕಿಲೋಮೀಟರ್ ಮಾಡಲಾಯಿತು. ಹುಲಿ, ಚಿರತೆ, ಕರಡಿ, ಸೀಳುನಾಯಿ, ಆನೆ ಇಲ್ಲಿವೆ. ನಾವು ಕಾಟಿ ಎನ್ನುವ ಕಾಡುಕೋಣ, ಕಡವೆ, ಚುಕ್ಕೆಜಿಂಕೆ, ಕಾಡುಕುರಿ, ನಾಲ್ಕು ಕೊಂಬಿನ ಕೊಂಡುಕುರಿ, ಮರದಿಂದ ಮರಕ್ಕೆ ನೆಗೆಯುವ ಕೆಂದಳಿಲು ಕೂಡ ಇವೆ. ಹಕ್ಕಿಗಳಲ್ಲಿ ಇನ್ನೂರೈವತ್ತಕ್ಕೂ ಹೆಚ್ಚು ಜಾತಿಗಳನ್ನು ಗುರುತಿಸಲಾಗಿದೆ. ಸಣ್ಣ ಜೀವಿಗಳ ಲೆಕ್ಕ ಇನ್ನೂ ಮುಗಿದಿಲ್ಲ. ಕೆಲವೇ ವರ್ಷಗಳ ಹಿಂದೆ ಈ ಕಾಡಿನಲ್ಲಿ ಸಿಕ್ಕ ಕಣಜವೊಂದು ಅದುವರೆಗೆ ಯಾರೂ ದಾಖಲಿಸದ ಹೊಸ ಕುಲಕ್ಕೆ ಸೇರಿದ್ದೆಂದು ತಿಳಿದಾಗ, ವಿಜ್ಞಾನಿಗಳು ಆ ಕುಲಕ್ಕೆ ‘ಸೋಲಿಗ’ ಎಂದೇ ಹೆಸರಿಟ್ಟರು.

ಹುಲಿಯೊಂದು ಬದುಕಬೇಕಾದರೆ ವರ್ಷಕ್ಕೆ ಸುಮಾರು ಐವತ್ತು ದೊಡ್ಡ ಪ್ರಾಣಿಗಳ ಬೇಟೆ ಸಿಗಬೇಕು. ಅಷ್ಟನ್ನು ಹಿಡಿದು ತಿಂದರೂ ಜಿಂಕೆ ಕಡವೆಗಳ ಸಂತತಿ ಕುಂದದೆ ಇರಬೇಕಾದರೆ, ಹುಲಿಯೊಂದಕ್ಕೆ ಐನೂರರಷ್ಟು ಅಂಥ ಪ್ರಾಣಿಗಳು ಆ ಕಾಡಿನಲ್ಲಿ ಮೇಯುತ್ತಿರಬೇಕು ಎಂಬುದು ತಜ್ಞರ ಲೆಕ್ಕ. ಅಂದರೆ ಹುಲಿಯ ಪ್ರಶ್ನೆ ಕೊನೆಗೆ ಹುಲ್ಲಿನ ಪ್ರಶ್ನೆ. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಲಂಟಾನದ ವಿಷಯ ಬಂದಾಗ ಇದು ಬೇಕಾಗುತ್ತದೆ.

ದೇವರು ಭಾವನಾದ ಕತೆ

ಈ ಕಾಡಿನ ಒಳಗೂ ಅಂಚಿನಲ್ಲೂ ಸುಮಾರು ಅರವತ್ತು ‘ಪೋಡು’ಗಳಿವೆ. ಪೋಡು ಎಂದರೆ ಸೋಲಿಗರ ಊರು. ಬಂಗ್ಲೆಪೋಡು, ಹೊಸಪೋಡು, ಎರಕನಗದ್ದೆ, ಕೆರೆದಿಂಬ, ಗೊಂಬೆಗಲ್ಲು ಹೀಗೆ ಅವುಗಳ ಹೆಸರುಗಳು. ಸೋಲಿಗರ ನುಡಿ ಕನ್ನಡದ ಒಡಹುಟ್ಟು. ನಿಧಾನವಾಗಿ ಆಡಿದರೆ ನಮಗೆ ಬಹುಪಾಲು ಅರ್ಥವಾಗುತ್ತದೆ. ಬಿದಿರಿನ ಮೆಳೆಯಿಂದ ಹುಟ್ಟಿದವರು ತಾವೆಂದು ಅವರ ನಂಬಿಕೆ. ಊರಿಗೊಬ್ಬ ಯಜಮಾನ, ಪೂಜೆಗೆ ತಮ್ಮಡಿ, ಹಬ್ಬಕ್ಕೆ ಇಡೀ ಪೋಡಿನ ಗೊರುಕನ ಕುಣಿತ, ಸುಗ್ಗಿ ಮುಗಿದ ಮೇಲೆ ಹೊಸ ರಾಗಿಯ ರೊಟ್ಟಿಹಬ್ಬ ಇವು ಅವರ ಸಾಮಾಜಿಕ ಬದುಕಿನ ಚೌಕಟ್ಟು.

ಬಿಳಿಗಿರಿರಂಗನಿಗೂ ಅವರಿಗೂ ಇರುವ ನಂಟು ಕೇಳತಕ್ಕದ್ದು. ಸೋಲಿಗರ ಯಜಮಾನ ಬೊಮ್ಮೇಗೌಡನ ಮಗಳು ಕುಸುಮಾಲೆಯನ್ನು ರಂಗನಾಥ ಮೆಚ್ಚಿ ಮದುವೆಯಾದನಂತೆ. ಅಂದಿನಿಂದ ದೇವರು ಅವರಿಗೆ ಬರೇ ದೇವರಲ್ಲ, ರಂಗಭಾವ. ‘ಭಾವ’ ಎಂಬ ಮಾತಿನಲ್ಲಿ ಎಷ್ಟು ಸಲಿಗೆ, ಎಷ್ಟು ಹಕ್ಕು ಇದೆಯೆಂದು ನಮ್ಮೂರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬೇಡುವುದಕ್ಕೂ ಬೈಯುವುದಕ್ಕೂ ಗೇಲಿ ಮಾಡುವುದಕ್ಕೂ ಭಾವನೇ ಬೇಕು. ಪೂರ್ವದ ಬೆಟ್ಟದಲ್ಲಿರುವ ಮಾದಪ್ಪನನ್ನೂ ಅವರು ನಂಬಿದವರು. ಆ ಮಾದಪ್ಪನ ವಾಹನವೇ ಹುಲಿ.

ದೇವರುಗಳು ಗುಡಿಯಲ್ಲಿ ಮಾತ್ರ ಇಲ್ಲ. ಸೋಲಿಗರ ಪ್ರತಿಯೊಂದು ಕುಲಕ್ಕೂ ಕಾಡಿನಲ್ಲಿ ಅದರದೇ ‘ಎಲ್ಲೆ’ ಇದೆ. ಒಂದೊಂದು ಎಲ್ಲೆಯಲ್ಲೂ ದೇವರು, ಮಾರಮ್ಮ, ವೀರರು, ಕಲ್ಲುಗುಡಿ, ಅಬ್ಬಿ ಎಂದು ಪೂಜೆಯ ಜಾಗಗಳಿವೆ. ಕಲ್ಲುಗುಡಿಯೆಂದರೆ ಹಿರಿಯರ ಸಮಾಧಿಯ ನೆಲ. ಅಬ್ಬಿಯೆಂದರೆ ನೀರಿನ ಸೆಲೆ. ಸಂಶೋಧಕರೂ ಸೋಲಿಗರೂ ಜೊತೆಯಾಗಿ ಕಾಡೆಲ್ಲ ನಡೆದು ಇಂಥ ನಾಲ್ಕುನೂರಕ್ಕೂ ಹೆಚ್ಚು ಜಾಗಗಳನ್ನು ನಕಾಶೆಯಲ್ಲಿ ಗುರುತಿಸಿದ್ದಾರೆ. ಭಾರ್ಗವಿ ಹೊಳೆಯ ದಡದಲ್ಲಿ ನಿಂತಿರುವ ದೊಡ್ಡಸಂಪಿಗೆ ಎಂಬ ಭಾರಿ ಮರ ಅವುಗಳಲ್ಲಿ ಎಲ್ಲರೂ ಬಲ್ಲಂಥದು. ಸರಕಾರದ ನಕಾಶೆಯಲ್ಲಿ ಕಾಡೆಂದು ಒಂದೇ ಹಸಿರು ಬಣ್ಣ ಬಳಿದಿರುವ ಕಡೆ, ಇವರ ನಕಾಶೆಯಲ್ಲಿ ಕೊಳ್ಳಕೊಳ್ಳಕ್ಕೂ ಹೆಸರಿದೆ.

ಕಾಡಿನೊಂದಿಗೆ ಹಂಚಿಕೊಂಡು ತಿನ್ನುವ ರೂಢಿಗೆ ಒಂದು ಉದಾಹರಣೆ ಸಾಕು. ಹೆಜ್ಜೇನು ಕೀಳಲು ಸೋಲಿಗರು ಭಾರಿ ಮರಗಳನ್ನೂ ಬಂಡೆಗಳನ್ನೂ ಹತ್ತುತ್ತಾರೆ. ಹುಲಿಗೆ ಮರ ಹತ್ತಿ ಜೇನು ಕೀಳಲು ಬಾರದು, ಅದಕ್ಕೂ ಪಾಲು ಸಿಗಲಿ ಎಂದು ಎರಡು ತುಂಡು ಹುಟ್ಟನ್ನು ನೆಲದ ಮೇಲೆ ಬಿಟ್ಟು ಬರುವ ಪದ್ಧತಿ ಅವರಲ್ಲಿದೆ. ಹುಲಿ ಅದನ್ನು ತಿನ್ನುತ್ತದೆಯೋ ಇಲ್ಲವೋ ಎಂಬ ತರ್ಕ ಇಲ್ಲಿ ಮುಖ್ಯವಲ್ಲ. ಹುಲಿಯೂ ಪಾಲುದಾರ ಎಂಬ ತಿಳುವಳಿಕೆ ಮುಖ್ಯ.

ಕಾಯಿದೆಗಳು ಬಂದ ಬಗೆ

ಹಿಂದೆ ಸೋಲಿಗರು ಕಾಡಿನಲ್ಲಿ ಜಾಗ ಬದಲಿಸುತ್ತ ರಾಗಿ, ಅವರೆ, ಕುಂಬಳ ಬೆಳೆಯುತ್ತಿದ್ದರು. ಸಣ್ಣಪುಟ್ಟ ಬೇಟೆಯೂ ಇತ್ತು. 1972ರ ವನ್ಯಜೀವಿ ಕಾಯಿದೆ, 1974ರ ಅಭಯಾರಣ್ಯದ ಘೋಷಣೆ ಇವುಗಳ ನಂತರ ಎರಡೂ ನಿಂತವು. ಜನರನ್ನು ಒಳಗಾಡಿನಿಂದ ತಂದು ರಸ್ತೆಯ ಬದಿಯ ಪೋಡುಗಳಲ್ಲಿ ನೆಲೆಗೊಳಿಸಲಾಯಿತು. ಆಗ ಉಳಿದ ಆಸರೆಯೆಂದರೆ ಕಿರು ಅರಣ್ಯ ಉತ್ಪತ್ತಿ. ಜೇನು, ನೆಲ್ಲಿಕಾಯಿ, ಸೀಗೆ, ಅಂಟುವಾಳ, ಮರದ ಪಾಚಿ ಇವನ್ನು ಸಂಗ್ರಹಿಸಿ ಗಿರಿಜನ ಸಹಕಾರ ಸಂಘಕ್ಕೆ ಕೊಟ್ಟು ಸಂಸಾರ ತೂಗಿಸುತ್ತಿದ್ದರು. ಇದೇ ಕಾಲದಲ್ಲಿ, 1981ರಲ್ಲಿ, ಡಾ. ಎಚ್. ಸುದರ್ಶನ್ ಅವರು ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಕಟ್ಟಿದರು. ವೈದ್ಯರಾಗಿ ಬೆಟ್ಟ ಹತ್ತಿದ ಅವರು ಆಸ್ಪತ್ರೆಯ ಜೊತೆಗೆ ಶಾಲೆಯನ್ನೂ ನಡೆಸಿದರು. ಆ ಶಾಲೆಯಲ್ಲಿ ಅಕ್ಷರ ಕಲಿತ ಮಕ್ಕಳು ದೊಡ್ಡವರಾಗಿ ಕಾಯಿದೆ ಪುಸ್ತಕಗಳನ್ನು ತಾವೇ ಓದಿ ವಾದಿಸುವಂತಾದರು ಎಂಬುದು ನಮ್ಮಂಥ ಮಾಷ್ಟ್ರುಗಳಿಗೆ ಹೆಮ್ಮೆಯ ವಿಷಯ.

2002ರಲ್ಲಿ ವನ್ಯಜೀವಿ ಕಾಯಿದೆಗೆ ತಿದ್ದುಪಡಿಯಾಯಿತು. ಅಭಯಾರಣ್ಯದಿಂದ ಮಾರಾಟಕ್ಕಾಗಿ ಯಾವುದನ್ನೂ ತರಬಾರದೆಂಬ ನಿಯಮ ಬಂತು. ಮುಂದಿನ ಕೆಲವು ವರ್ಷಗಳಲ್ಲಿ ಬಿಳಿಗಿರಿಯಲ್ಲಿ ಜೇನು, ನೆಲ್ಲಿ ಸಂಗ್ರಹವೂ ನಿಂತುಹೋಯಿತು. ಬೇಸಾಯ ಮೊದಲೇ ಹೋಗಿತ್ತು. ಈಗ ಸಂಗ್ರಹವೂ ಹೋಯಿತು. ಅನೇಕರು ಕೂಲಿ ಅರಸಿ ಎಸ್ಟೇಟುಗಳಿಗೂ ಬಯಲಿಗೂ ಇಳಿಯಬೇಕಾಯಿತು.

ಬೆಂಕಿ, ಬಂದಳಿಕೆ ಮತ್ತು ಲಂಟಾನ

ಇನ್ನೊಂದು ವಿಷಯವಿದೆ. ಅದು ಬೆಂಕಿಯದು. ಬೇಸಗೆಯ ಮೊದಲಿಗೆ, ಕಾಡು ಪೂರ್ತಿ ಒಣಗುವ ಮುನ್ನ, ಸೋಲಿಗರು ನೆಲದ ತರಗಿಗೆ ಬೆಂಕಿ ಹಚ್ಚುತ್ತಿದ್ದರು. ಇದಕ್ಕೆ ‘ತರಗು ಬೆಂಕಿ’ ಎಂದು ಹೆಸರು. ಮೊಣಕಾಲಿನ ಮಟ್ಟದಲ್ಲಿ ಹರಿದು ಹೋಗುವ ಈ ಬೆಂಕಿಯಿಂದ ದೊಡ್ಡ ಮರಗಳಿಗೆ ಧಕ್ಕೆಯಿಲ್ಲ, ಹೊಸ ಹುಲ್ಲು ಚಿಗುರುತ್ತದೆ ಎಂಬುದು ಅವರ ಅನುಭವ. ಕಾಡಿಗೆ ಬೆಂಕಿಯಿಡುವುದು ಅಪರಾಧವೆಂದು ಇಲಾಖೆ ಅದನ್ನು ನಿಲ್ಲಿಸಿತು. ಹೊರನೋಟಕ್ಕೆ ಇದು ಸರಿಯಾದ ಕ್ರಮವೆಂದೇ ತೋರುತ್ತದೆ.

ಆದರೆ ಕಾಲಕ್ರಮದಲ್ಲಿ ಎರಡು ಬದಲಾವಣೆಗಳಾದವು. ನೆಲ್ಲಿಯ ಮರಗಳಿಗೆ ಬಂದಳಿಕೆ ಹೆಚ್ಚಾಗಿ ಹತ್ತತೊಡಗಿತು. ಸೋಲಿಗರು ಇದನ್ನು ಉಪ್ಪಿಲು ಎನ್ನುತ್ತಾರೆ. ಉಪ್ಪಿಲು ಹತ್ತಿದ ಮರದಲ್ಲಿ ಕಾಯಿ ಕಡಿಮೆ, ಕೊನೆಗೆ ಮರವೇ ಒಣಗುವುದೂ ಉಂಟು. ಬೆಂಕಿ ನಿಂತದ್ದೇ ಇದಕ್ಕೆ ಕಾರಣವೆಂದು ಸೋಲಿಗರು ಹೇಳಿದಾಗ ಸಂಶೋಧಕರು ಅದನ್ನು ತಳ್ಳಿಹಾಕದೆ, ಪರೀಕ್ಷಿಸತಕ್ಕ ಮಾತೆಂದು ತೆಗೆದುಕೊಂಡರು. ಎರಡನೆಯದು ಲಂಟಾನ. ಬ್ರಿಟಿಷರ ಕಾಲದಲ್ಲಿ ಹೂವಿನ ಚಂದಕ್ಕೆಂದು ಪರದೇಶದಿಂದ ತಂದ ಈ ಗಿಡ ನಮ್ಮ ಗುಡ್ಡಗಳಿಗೂ ಹೊಸತಲ್ಲ. ಬಿಳಿಗಿರಿಯಲ್ಲಿ 1997ರಿಂದ 2008ರವರೆಗಿನ ಸುಮಾರು ಹತ್ತು ವರ್ಷಗಳಲ್ಲಿ ಅದು ಹರಡಿದ ಪ್ರದೇಶ ಹತ್ತಿರಹತ್ತಿರ ಇಮ್ಮಡಿಯಾಯಿತೆಂದು ಅಧ್ಯಯನಗಳು ತೋರಿಸಿವೆ. ಲಂಟಾನದ ಪೊದೆ ಕವಿದಲ್ಲಿ ಹುಲ್ಲು ಬೆಳೆಯದು, ಮರದ ಸಸಿಗಳು ಮೇಲೇಳವು. ಹುಲ್ಲಿಲ್ಲದಿದ್ದರೆ ಜಿಂಕೆಯಿಲ್ಲ, ಜಿಂಕೆಯಿಲ್ಲದಿದ್ದರೆ ಹುಲಿಗೆ ಊಟವಿಲ್ಲ. ಅಲ್ಲದೆ ಒಣಗಿದ ಲಂಟಾನಕ್ಕೆ ಬೆಂಕಿ ತಗಲಿದರೆ ಅದು ತರಗಿನ ಬೆಂಕಿಯಂತೆ ನೆಲದಲ್ಲೇ ಹರಿದು ಹೋಗುವುದಿಲ್ಲ, ಮರದ ನೆತ್ತಿಗೇ ಏರುತ್ತದೆ.

ಲಂಟಾನಕ್ಕೆ ಬೆಂಕಿ ನಿಂತದ್ದೊಂದೇ ಕಾರಣವೆಂದು ನಾವು ಹೇಳುವುದಿಲ್ಲ. ಗಿಡವಾಗಿ ಬಲಿತು ದಟ್ಟವಾದ ಮೇಲೆ ಹಳೆಯ ರೀತಿಯಲ್ಲಿ ಬೆಂಕಿಯಿಟ್ಟರೆ ಒಳಿತಿಗಿಂತ ಕೆಡುಕೇ ಹೆಚ್ಚಾದೀತು. ನಾವು ಹೇಳುವುದಿಷ್ಟೇ: ಕಾಡನ್ನು ದಿನವೂ ನಡೆದು ಬಲ್ಲವರ ಮಾತನ್ನು ಆಗಲೇ ಕೇಳಿದ್ದರೆ, ಸಸಿಯಾಗಿದ್ದಾಗಲೇ ಅದಕ್ಕೊಂದು ದಾರಿ ಕಾಣುತ್ತಿತ್ತೋ ಏನೋ. ಇದೀಗ ಪಕ್ಕದ ಮಲೆ ಮಹದೇಶ್ವರ ಬೆಟ್ಟದಲ್ಲಿ ಸೋಲಿಗರು ಲಂಟಾನದ ಕಡ್ಡಿಯನ್ನು ಬೇಯಿಸಿ ಸಿಪ್ಪೆ ತೆಗೆದು ಕುರ್ಚಿ, ಬುಟ್ಟಿ ಹೆಣೆಯುತ್ತಾರೆ. ಕಾಡಿನ ಬೀಳಲಿನಿಂದ ಬುಟ್ಟಿ ಹೆಣೆದು ಬದುಕಿದ ನಮ್ಮ ಜಿಲ್ಲೆಯ ಕೊರಗರ ನೆನಪು ಇಲ್ಲಿ ಬಾರದಿರದು.

ಗಾಂಧಿ ಜಯಂತಿಯ ದಿನ

2006ರಲ್ಲಿ ಸಂಸತ್ತು ಅರಣ್ಯ ಹಕ್ಕು ಕಾಯಿದೆಯನ್ನು ಮಾಡಿತು. ಕಾಡಿನಲ್ಲಿ ತಲೆತಲಾಂತರದಿಂದ ಬಾಳಿದವರಿಗೆ ಆಗಿಹೋದ ಅನ್ಯಾಯವನ್ನು ಸರಿಪಡಿಸುವುದು ಅದರ ಉದ್ದೇಶವೆಂದು ಕಾಯಿದೆಯ ಮೊದಲಲ್ಲೇ ಬರೆದಿದೆ. ಸೋಲಿಗರು ಗ್ರಾಮಸಭೆಗಳನ್ನು ಸೇರಿಸಿ, ಎಲ್ಲೆಗಳ ನಕಾಶೆಯನ್ನು ಪುರಾವೆಯಾಗಿಟ್ಟು ಅರ್ಜಿ ಹಾಕಿದರು. ಅರ್ಜಿಯ ವಿಚಾರಣೆ ನಡೆಯುತ್ತಿದ್ದ ಹೊತ್ತಿನಲ್ಲೇ, 2011ರ ಜನವರಿಯಲ್ಲಿ, ಹುಲಿ ಪ್ರದೇಶದ ಘೋಷಣೆ ಬಂತು. ಇನ್ನು ನಮ್ಮನ್ನು ಎಬ್ಬಿಸಿಬಿಡುತ್ತಾರೆಂಬ ಭಯ ಪೋಡುಗಳಲ್ಲಿ ಹರಡಿತು. ಸಭೆಗಳೂ ಪ್ರತಿಭಟನೆಗಳೂ ನಡೆದವು. ಕೊನೆಗೆ ಅದೇ ವರ್ಷದ ಅಕ್ಟೋಬರ್ 2ರಂದು 25 ಗ್ರಾಮಸಭೆಗಳಿಗೆ ಸಾಮೂಹಿಕ ಹಕ್ಕುಪತ್ರ ಕೊಡಲಾಯಿತು. ಜೇನು, ನೆಲ್ಲಿ ಮೊದಲಾದವನ್ನು ಸಂಗ್ರಹಿಸಿ ಮಾರುವ, ದನ ಮೇಯಿಸುವ, ಪೂಜೆಯ ಜಾಗಗಳಿಗೆ ಹೋಗುವ, ಕಾಡನ್ನು ಕಾಯುವ ಹಕ್ಕುಗಳಿವು. ಬೇಟೆಯ ಹಕ್ಕು ಇದರಲ್ಲಿಲ್ಲ.

ಹಾಗಾದರೆ ಹುಲಿ? 2010ರಿಂದ 2014ರವರೆಗೆ ಬಿಳಿಗಿರಿಯ ಹುಲಿಗಳ ಅಂದಾಜು ಸಂಖ್ಯೆ 35ರಿಂದ 68ಕ್ಕೆ ಏರಿತು. ಜನ ಕಾಡಿನಲ್ಲೇ ಇದ್ದರು, ಹಕ್ಕುಪತ್ರವೂ ಸಿಕ್ಕಿತ್ತು. ಇದನ್ನು ಸೋಲಿಗರ ಪರವಾಗಿ ಹಲವರು ಎತ್ತಿ ಹೇಳಿದರು. ಆದರೆ ಮುಂದಿನ ಗಣತಿಗಳನ್ನೂ ನೋಡುವುದು ನ್ಯಾಯ. 2018ರಲ್ಲಿ ಅದು 49, 2022ರಲ್ಲಿ 37. ಹುಲಿಗೆ ರಾಜ್ಯದ ಗಡಿ ಗೊತ್ತಿಲ್ಲ. ಅದು ಅಕ್ಕಪಕ್ಕದ ಕಾಡುಗಳಿಗೆ ಹೋಗಿ ಬರುತ್ತದೆ. ಲೆಕ್ಕದ ವಿಧಾನವೂ ಒಂದೇ ತೆರನಾಗಿ ಉಳಿದಿಲ್ಲ. ಏರಿದ್ದಕ್ಕೆ ಸೋಲಿಗರನ್ನು ಹೊಗಳುವುದೂ ಇಳಿದದ್ದಕ್ಕೆ ಅವರನ್ನು ದೂರುವುದೂ ಒಂದೇ ತರದ ಅವಸರ. ಖಚಿತವಾಗಿ ಹೇಳಬಹುದಾದದ್ದು ಒಂದಿದೆ. ಹುಲಿ ಅಳಿದ ಎಷ್ಟೋ ಕಾಡುಗಳು ದೇಶದಲ್ಲಿರುವಾಗ, ಸೋಲಿಗರು ಬಾಳಿದ ಈ ಕಾಡಿನಲ್ಲಿ ಹುಲಿ ಉಳಿದುಕೊಂಡು ಬಂತು. ಹುಲಿ ಪ್ರದೇಶವೆಂದು ಘೋಷಿಸಲು ಹುಲಿ ಅಲ್ಲಿ ಮೊದಲೇ ಇತ್ತು.

ಈ ಮಾತು ಇಂದಿಗೂ ಪ್ರಸ್ತುತ. ಹುಲಿ ಪ್ರದೇಶಗಳ ಒಡಲಿನಿಂದ ಹೊರಹೋಗಲು ಒಪ್ಪುವ ಕುಟುಂಬಕ್ಕೆ ಕೊಡುವ ಪರಿಹಾರವನ್ನು 2021ರಲ್ಲಿ 10 ಲಕ್ಷದಿಂದ 15 ಲಕ್ಷ ರೂಪಾಯಿಗೆ ಏರಿಸಲಾಯಿತು. ದೇಶದಾದ್ಯಂತ ಹುಲಿ ಪ್ರದೇಶಗಳ ಒಡಲಿನಲ್ಲಿ ಇನ್ನೂ 591 ಹಳ್ಳಿಗಳಿವೆಯೆಂದೂ ಅವುಗಳ ಸ್ಥಳಾಂತರಕ್ಕೆ ಕಾಲನಿಗದಿ ಮಾಡಬೇಕೆಂದೂ 2024ರಲ್ಲಿ ಕೇಂದ್ರದ ಹುಲಿ ಪ್ರಾಧಿಕಾರ ರಾಜ್ಯಗಳಿಗೆ ಬರೆಯಿತು. ಕಾಯಿದೆಯ ಪ್ರಕಾರ ಸ್ಥಳಾಂತರ ಜನರ ಒಪ್ಪಿಗೆಯಿಂದಲೇ ಆಗಬೇಕು. ಮಕ್ಕಳ ವಿದ್ಯೆಗೆ, ಆಸ್ಪತ್ರೆಗೆ, ಆನೆಯ ಹೆದರಿಕೆಯಿಂದ ಪಾರಾಗಲು ತಾವಾಗಿ ಹೊರಹೋಗಬಯಸುವವರೂ ಇರಬಹುದು. ಅದು ಅವರ ಇಷ್ಟ. ಆದರೆ ರಸ್ತೆ, ವಿದ್ಯುತ್ತು, ಸಂಗ್ರಹದ ಪರವಾನಗಿ ಯಾವುದನ್ನೂ ಕೊಡದೆ ಬದುಕು ಬಿಗಿಗೊಳಿಸಿ ಪಡೆಯುವ ಒಪ್ಪಿಗೆಯನ್ನು ಒಪ್ಪಿಗೆ ಎನ್ನಲಾದೀತೇ?

ಗಡಿಯಾಚೆಗೂ ಅದೇ ಕಾಡು

ಬಿಳಿಗಿರಿಯ ದಕ್ಷಿಣದಂಚು ದಾಟಿದರೆ ತಮಿಳುನಾಡಿನ ತಾಳವಾಡಿ ಸೀಮೆ. ಅಲ್ಲಿನ ಹಳ್ಳಿಗಳಲ್ಲಿ ಕನ್ನಡವೇ ಮನೆಮಾತು. ವರನಟ ರಾಜಕುಮಾರರ ಗಾಜನೂರು ಇರುವುದು ಅಲ್ಲೇ. 1956ರ ನವೆಂಬರ್ 1ರ ತನಕ ಕೊಳ್ಳೇಗಾಲವೂ ತಾಳವಾಡಿಯೂ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿದ್ದವು. ಅಂದು ಕೊಳ್ಳೇಗಾಲ ಮೈಸೂರಿಗೆ ಸೇರಿತು, ತಾಳವಾಡಿ ಅಲ್ಲೇ ಉಳಿಯಿತು. ಅದೇ ದಿನ ನಮ್ಮ ಕಾಸರಗೋಡು ದಕ್ಷಿಣ ಕನ್ನಡದಿಂದ ಬೇರೆಯಾಗಿ ಕೇರಳಕ್ಕೆ ಸೇರಿದ್ದನ್ನು ನಾವು ಯಾರಿಗೂ ಹೇಳಿಕೊಡಬೇಕಾಗಿಲ್ಲ. ತಾಳವಾಡಿಯ ಸುತ್ತಲಿನ ಕಾಡು 2013ರಲ್ಲಿ ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅಲ್ಲಿಯೂ ಸೋಲಿಗರಿದ್ದಾರೆ. ಹುಲಿಯೂ ಆನೆಯೂ ಎರಡೂ ಕಡೆ ಓಡಾಡುತ್ತವೆ. ಜನರಿಗೆ ಮಾತ್ರ ಎರಡು ಸರಕಾರ, ಎರಡು ಆಡಳಿತ ಭಾಷೆ, ಎರಡು ಬಗೆಯ ಕಚೇರಿ.

ಭಾಷೆಯ ಅಲ್ಪಸಂಖ್ಯಾತರಾಗಿ ಬಾಳುವ ನಮಗೆ ಸೋಲಿಗರ ಕತೆ ಅರ್ಥವಾಗುವುದಕ್ಕೆ ಇದೇ ಕಾರಣ. ನೆಲ ಬಿಟ್ಟು ಕದಲದವರನ್ನೂ ಒಂದು ಆಜ್ಞೆ ಹೊರಗಿನವರನ್ನಾಗಿ ಮಾಡಬಲ್ಲುದು. ಅವರು ಅರ್ಜಿ ಹಿಡಿದು, ನಕಾಶೆ ಬಿಡಿಸಿ, ಕಾಯಿದೆ ಓದಿ ತಮ್ಮ ಪಾಲನ್ನು ಪಡೆದ ರೀತಿ ನಮ್ಮ ಮಕ್ಕಳಿಗೆ ಪಾಠವಾಗಬೇಕು.

ಕಾರಡ್ಕ, ಮುಳ್ಳೇರಿಯ, ದೇಲಂಪಾಡಿ ಕಡೆಯ ಅಡಿಕೆ ತೋಟಗಳಿಗೆ ಆನೆ ಬಂದಾಗ ನಮ್ಮವರು ಪಡುವ ಪಾಡನ್ನು ನಾವು ಬಲ್ಲೆವು. ಕಾಡುಪ್ರಾಣಿಯೊಂದಿಗೆ ಬಾಳುವುದು ಸುಲಭವೆಂದು ತೋಟವಿರುವ ಯಾರೂ ಹೇಳಲಾರರು. ಸೋಲಿಗರಿಗೂ ಅದು ಸುಲಭವಲ್ಲ. ಅವರ ರಾಗಿ ಹೊಲಕ್ಕೂ ಆನೆ ನುಗ್ಗುತ್ತದೆ, ಕಾಡಿನ ದಾರಿಯಲ್ಲಿ ಜೀವ ಹೋದದ್ದೂ ಉಂಟು. ಹಾಗಿದ್ದೂ ಅವರು ಪ್ರಾಣಿಯನ್ನು ತೆಗೆದುಹಾಕಿ ಎಂದು ಕೇಳಲಿಲ್ಲ, ತಮ್ಮನ್ನು ತೆಗೆದುಹಾಕಬೇಡಿ ಎಂದು ಮಾತ್ರ ಕೇಳಿದರು.

ಮುಂದಿನ ಬಾರಿ ಮೈಸೂರಿಗೆ ಹೋಗುವ ಓದುಗರು ಒಂದು ದಿನ ಹೆಚ್ಚಿಗೆ ಇಟ್ಟುಕೊಂಡು ಬಿಳಿಗಿರಿಗೂ ಹೋಗಿ ಬರಲಿ. ಹುಲಿ ಕಾಣಸಿಗುವುದು ಅದೃಷ್ಟದ ಮಾತು. ರಂಗಭಾವನ ನೆಂಟರು ಮಾತ್ರ ಖಂಡಿತ ಸಿಗುತ್ತಾರೆ. ಅವರೊಡನೆ ಕನ್ನಡದಲ್ಲೇ ನಾಲ್ಕು ಮಾತಾಡಿ, ಅವರು ತಂದ ಜೇನನ್ನೋ ಕಾಫಿಯನ್ನೋ ಕೊಂಡು ಬಂದರೆ ಅಷ್ಟರಮಟ್ಟಿಗೆ ಆ ಕಾಡಿಗೂ ಸಹಾಯ ಮಾಡಿದಂತೆ.